ಹೊಸ ಚಾರಣಿಗ ಮತ್ತು ಹಳೆಯ ಪರ್ವತ

(ಧಾರವಾಡದಲ್ಲಿ ವಿದ್ಯಾರ್ಥಿಗಳೂ ಮಲೆನಾಡಿನ ಗ್ರಾಮಸ್ಥರೂ ಕೂಡಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಧಾರವಾಡವು ಬಯಲುಸೀಮೆಗೂ ಮಲೆನಾಡಿಗೂ ನಡುವಿನ ಹೊಸ್ತಿಲು. ಊರಿನ ಪೂರ್ವಕ್ಕೆ ಎರೆಭೂಮಿ, ಪಶ್ಚಿಮಕ್ಕೆ ಕಾಡು. ಊರಂಚಿನ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲಾ ನದಿಯು ಘಟ್ಟದ ಕಡೆಗೆ ಹರಿದು, ಬೇಡ್ತಿಯೊಡನೆ ಕೂಡಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅವಳಿನಗರದ ನಲ್ಲಿಗಳಲ್ಲಿ ಬರುವ ಮಲಪ್ರಭೆಯ ನೀರಾದರೋ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಘಟ್ಟದಲ್ಲಿ ಹುಟ್ಟಿ, ಸವದತ್ತಿಯ ರೇಣುಕಾಸಾಗರದಲ್ಲಿ ನಿಂತು, ಇಲ್ಲಿಗೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಜನ ಪರ್ವತವನ್ನು ಕಂಡಿರಲಿ, ಕಾಣದಿರಲಿ, ಪರ್ವತದ ನೀರನ್ನು ನಿತ್ಯವೂ ಕುಡಿಯುತ್ತಾರೆ.

ಈಚಿನ ವರ್ಷಗಳಲ್ಲಿ ಈ ಸಂಬಂಧಕ್ಕೆ ಇನ್ನೊಂದು ಎಳೆ ಸೇರಿದೆ. ವಾರದ ಕೊನೆಯಲ್ಲಿ ಬೆನ್ನಿಗೆ ಚೀಲ ಏರಿಸಿ ಕೊಡಚಾದ್ರಿಗೋ, ಕುದುರೆಮುಖಕ್ಕೋ, ಕುಮಾರಪರ್ವತಕ್ಕೋ ಹೊರಡುವ ಯುವಜನರ ಸಂಖ್ಯೆ ಬೆಳೆದಿದೆ. ಇವರಲ್ಲಿ ಹೆಚ್ಚಿನವರು ಮೊದಲ ಸಲ ಎತ್ತರದ ಬೆಟ್ಟವನ್ನು ಏರುವವರು. ಬೆಟ್ಟದ ಮೇಲಿನ ಈ ಆಸೆ ಒಳ್ಳೆಯದೇ. ಕಾಡನ್ನು ಕಾಲಿನಿಂದ ಅರಿತ ತರುಣನೇ ನಾಳೆ ಕಾಡಿನ ಪರವಾಗಿ ಮಾತನಾಡುವವನು. ಆದರೆ ತಿಳಿಯದೆ ಏರಿದಾಗ ಇಬ್ಬರಿಗೆ ನಷ್ಟವಾಗುತ್ತದೆ: ಒಬ್ಬನು ಏರುವವನು, ಇನ್ನೊಂದು ಏರಿಸಿಕೊಳ್ಳುವ ಬೆಟ್ಟ. ಈ ಎರಡು ನಷ್ಟಗಳಿಗೂ ಮೂಲ ಒಂದೇ, ಮತ್ತು ಅದನ್ನು ತಡೆಯಬಲ್ಲ ತಿಳಿವಳಿಕೆ ಬಹುಮಟ್ಟಿಗೆ ಬೆಟ್ಟದ ಬುಡದ ಹಳ್ಳಿಗಳಲ್ಲಿಯೇ ಇದೆ ಎಂಬುದು ಇಂದಿನ ಮಾತಿನ ತಿರುಳು.

ದೇಹದ ಲೆಕ್ಕ

ಕುಮಾರಪರ್ವತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಕ್ಷಿಣ ಕನ್ನಡ ಹಾಗೂ ಕೊಡಗು ಜಿಲ್ಲೆಗಳ ಗಡಿಯಲ್ಲಿ, ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಇರುವ ಈ ಶಿಖರದ ಎತ್ತರ 1,712 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರ ಇದಲ್ಲ. ಆ ಸ್ಥಾನ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯದು. ಆದರೆ ಮುಳ್ಳಯ್ಯನಗಿರಿಯ ತುದಿಯ ಸಮೀಪದವರೆಗೂ ವಾಹನ ಹೋಗುತ್ತದೆ. ಕುಮಾರಪರ್ವತದ ಏರು ಆರಂಭವಾಗುವ ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ. ಅಂದರೆ ಸುಮಾರು 13 ಕಿಲೋಮೀಟರ್ ದಾರಿಯಲ್ಲಿ 1,600 ಮೀಟರಿನಷ್ಟು ಎತ್ತರವನ್ನು ಕಾಲಿನಿಂದಲೇ ಗಳಿಸಬೇಕು. ಹತ್ತು ಅಂತಸ್ತಿನ ಕಟ್ಟಡವೊಂದನ್ನು ಐವತ್ತಕ್ಕೂ ಹೆಚ್ಚು ಸಲ ಹತ್ತಿದಷ್ಟು ಶ್ರಮವಿದು. ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಬೆಳಗಿನ ವಾಯುವಿಹಾರದಲ್ಲಿ ಏರಿ ಇಳಿದವನಿಗೆ 'ಬೆಟ್ಟ' ಎಂಬ ಶಬ್ದ ಪರಿಚಿತ. ಈ ಬೆಟ್ಟ ಪರಿಚಿತವಲ್ಲ.

60 ಕಿಲೋ ತೂಕದ ತರುಣನೊಬ್ಬ 8 ಕಿಲೋ ಹೊರೆಯೊಡನೆ 1,600 ಮೀಟರ್ ಏರಲು ಮಾಡಬೇಕಾದ ಕೆಲಸವನ್ನು ಭೌತಶಾಸ್ತ್ರದ ಸರಳ ಸೂತ್ರದಿಂದ ಲೆಕ್ಕ ಹಾಕಿದರೆ ಅದು ಸುಮಾರು 250 ಕಿಲೋಕ್ಯಾಲರಿ ಆಗುತ್ತದೆ. ಆದರೆ ಸ್ನಾಯುಗಳು ತಾವು ಬಳಸುವ ಆಹಾರಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸಬಲ್ಲವು. ಆದ್ದರಿಂದ ಎತ್ತರಕ್ಕೆಂದೇ 1,000 ಕಿಲೋಕ್ಯಾಲರಿಗೆ ಕಡಿಮೆಯಿಲ್ಲದಷ್ಟು ಶಕ್ತಿ ವ್ಯಯವಾಗುತ್ತದೆ. ಅದರ ಮುಕ್ಕಾಲು ಪಾಲು ಶಾಖವಾಗಿ ದೇಹದಿಂದ ಹೊರಹೋಗಬೇಕು. ಅದು ಹೊರಹೋಗುವ ಮುಖ್ಯ ದಾರಿ ಬೆವರು. ಗಿರಿಗದ್ದೆಯವರೆಗಿನ ದಟ್ಟ ಕಾಡಿನಲ್ಲಿ ಗಾಳಿ ತೇವದಿಂದ ತುಂಬಿರುವುದರಿಂದ ಬೆವರು ಆರದೆ ಹರಿದುಹೋಗುತ್ತದೆ, ದೇಹ ತಣಿಯುವುದಿಲ್ಲ. ಮುಂದೆ ಹುಲ್ಲುಗಾವಲು ಬಂದಾಗ ನೆರಳೇ ಇಲ್ಲ. ಹೊಸಬನು ನಿತ್ರಾಣನಾಗುವುದು ಸಾಮಾನ್ಯವಾಗಿ ಇಲ್ಲಿಯೇ, ಶಿಖರವಿನ್ನೂ ದೂರವಿರುವಾಗ.

ಇದಕ್ಕೆ ನೀರು ಬೇಕು, ಉಪ್ಪೂ ಬೇಕು. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ಅಂಶ ತಗ್ಗಿ ತಲೆಸುತ್ತು, ವಾಕರಿಕೆ, ಮಂಕು ಕವಿಯುವುದೂ ಉಂಟು. ಧಾರವಾಡದ ಮನೆಗಳಲ್ಲಿ ದೂರ ಪ್ರಯಾಣಕ್ಕೆ ಕಟ್ಟುತ್ತಿದ್ದ ಬುತ್ತಿಯು ಈ ವಿಷಯದಲ್ಲಿ ಯಾವ ಪೇಟೆಯ ಪೊಟ್ಟಣಕ್ಕೂ ಕಡಿಮೆಯಲ್ಲ. ಕಟಕ ರೊಟ್ಟಿ ಕೆಡುವುದಿಲ್ಲ. ಶೇಂಗಾ ಚಟ್ನಿಯಲ್ಲಿ ಉಪ್ಪು, ಎಣ್ಣೆ, ಸಸಾರಜನಕ ಮೂರೂ ಇವೆ. ಬೆಲ್ಲ ಹಾಕಿದ ಶೇಂಗಾ ಉಂಡಿ ಬೇಗ ಶಕ್ತಿ ಕೊಡುತ್ತದೆ. ಬಟ್ಟೆಯಲ್ಲಿ ಕಟ್ಟಿಕೊಂಡು ಹೋದ ಬುತ್ತಿ ಬೆಟ್ಟದಲ್ಲಿ ಕಸವನ್ನೂ ಬಿಡುವುದಿಲ್ಲ.

ಕಾಲದ ಲೆಕ್ಕ ಇನ್ನೂ ಮುಖ್ಯ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ನಿಯಮವನ್ನು ಹೇಳಿದನು: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದಕ್ಕೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಬೇಕು. ಇದರಂತೆ ಕುಮಾರಪರ್ವತದ ಏರಿಗೆ ಐದೂಕಾಲು ಗಂಟೆಯಾಗುತ್ತದೆ. ಆದರೆ ಇದು ಪಳಗಿದ ಕಾಲುಗಳ ಲೆಕ್ಕ. ವಿಶ್ರಾಂತಿಯೂ ಸೆಕೆಯೂ ಇದರಲ್ಲಿ ಸೇರಿಲ್ಲ. ಹೊಸಬನಿಗೆ ಏಳು ಗಂಟೆ ಎಂದು ಹಿಡಿಯುವುದು ವಿವೇಕ, ಇಳಿಯಲು ಮತ್ತೆ ಐದು ಗಂಟೆ. ಜನವರಿಯಲ್ಲಿ ಸಂಜೆ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೆಳಗ್ಗೆ ಆರಕ್ಕೆ ಹೊರಟವನು ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ಹಿಂದಿರುಗಬೇಕು. ಶಿಖರ ಕಣ್ಣಿಗೆ ಕಾಣುತ್ತಿದ್ದರೂ ಹಿಂದಿರುಗಬೇಕು.  ಗಿರಿಗದ್ದೆಯಲ್ಲಿ ರಾತ್ರಿ ತಂಗಿ ಎರಡು ದಿನಗಳಲ್ಲಿ ಈ ದಾರಿಯನ್ನು ಮುಗಿಸುವ ಹಳೆಯ ರೂಢಿ ಬೆಳೆದದ್ದು ಸೋಮಾರಿತನದಿಂದಲ್ಲ.

ಇಳಿಯುವುದು ಸುಲಭವೆಂಬುದು ಹೊಸಬರ ಇನ್ನೊಂದು ಭ್ರಮೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ತಂತುಗಳಿಗೆ ಹೆಚ್ಚು ಪೆಟ್ಟಾಗುವುದು ಈ ಬಗೆಯ ಕೆಲಸದಲ್ಲಿ. ಮೊಣಕಾಲು ನಡುಗುವುದು, ಹೆಜ್ಜೆ ಜಾರುವುದು, ಕಾಲು ಉಳುಕುವುದು ಹೆಚ್ಚಾಗಿ ಸಂಜೆಯ ಇಳಿಜಾರಿನಲ್ಲಿಯೇ. ಶಿಖರವನ್ನು ಮುಟ್ಟಿದಾಗ ದಾರಿಯ ಅರ್ಧ ಮಾತ್ರ ಮುಗಿದಿರುತ್ತದೆ, ಶಕ್ತಿಯಾದರೋ ಅರ್ಧಕ್ಕಿಂತ ಹೆಚ್ಚು ತೀರಿರುತ್ತದೆ.

ನೀರಿನ ಕೊಳವೆ ತೋರಿಸಿದ ದಾರಿ

2019ರ ಸೆಪ್ಟೆಂಬರಿನಲ್ಲಿ ಇದೇ ಕುಮಾರಪರ್ವತದಲ್ಲಿ ನಡೆದ ಘಟನೆಯೊಂದು ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಬೆಂಗಳೂರಿನಿಂದ ಬಂದಿದ್ದ ತಂಡವೊಂದು ಶಿಖರದಿಂದ ಹಿಂದಿರುಗುವಾಗ ಅದರಲ್ಲಿದ್ದ ತರುಣನೊಬ್ಬ ಗೆಳೆಯರಿಂದ ಅಗಲಿ ದಾರಿ ತಪ್ಪಿದನು. ಅರಣ್ಯ ಸಿಬ್ಬಂದಿ, ಪೊಲೀಸರು, ಸ್ಥಳೀಯರು ಹುಡುಕಾಟಕ್ಕೆ ಇಳಿದರು. ಎರಡು ದಿನಗಳ ಬಳಿಕ ಆತ ಕಾಡಿನಲ್ಲಿ ಕಂಡ ನೀರಿನ ಕೊಳವೆಯೊಂದರ ಜಾಡು ಹಿಡಿದು ಜೀವಂತವಾಗಿ ಊರು ಸೇರಿದನು.

ಆ ಕೊಳವೆ ಹೊಸಬರ ದೃಷ್ಟಿಯಲ್ಲಿ ಕಾಡಿನೊಳಗಿನ ಒಂದು ಅಡ್ಡಿ. ಬೆಟ್ಟದ ಊರಿನವರಿಗೆ ಅದು ಮೇಲಿನ ಒರತೆಯನ್ನೂ ಕೆಳಗಿನ ಮನೆಯನ್ನೂ ಜೋಡಿಸುವ ನಂಟು. ಬೆಟ್ಟದ ನೀರು ಊರಿಗೆ ಹೋಗುವ ದಾರಿಯೇ ಆ ತರುಣನನ್ನೂ ಊರಿಗೆ ಕರೆತಂದಿತು. ಕೊಳವೆ ಕಂಡದ್ದು ಅದೃಷ್ಟವಿರಬಹುದು. ಅದು ಜನರಿರುವ ಕಡೆಗೆ ಹೋಗುತ್ತದೆಂದು ಊಹಿಸಿದ್ದು ವಿವೇಕ.

ಇದರಲ್ಲಿ ಹೊಸಬರು ಕಲಿಯಬೇಕಾದ ಪಾಠಗಳು ಮೂರು. ತಂಡವು ತನ್ನಲ್ಲಿ ಅತಿ ನಿಧಾನವಾಗಿ ನಡೆಯುವವನ ವೇಗದಲ್ಲಿ ನಡೆಯಬೇಕು. ಅವನನ್ನು ಕೊನೆಯಲ್ಲಿ ಒಂಟಿಯಾಗಿ ಬಿಡಬಾರದು. ದಾರಿ ಕವಲೊಡೆಯುವಲ್ಲೆಲ್ಲ ಎಲ್ಲರೂ ಕೂಡುವವರೆಗೆ ನಿಂತು ತಲೆಯೆಣಿಸಬೇಕು. ದಾರಿ ತಪ್ಪಿತೆಂದು ಅರಿವಾದ ಕೂಡಲೇ ನಿಲ್ಲಬೇಕು. ಗಾಬರಿಯಲ್ಲಿ ಇಡುವ ಪ್ರತಿಯೊಂದು ಹೆಜ್ಜೆಯೂ ಹುಡುಕುವವರ ಕೆಲಸವನ್ನು ಹೆಚ್ಚಿಸುತ್ತದೆ. ದನಗಾಹಿಗಳು ಮಂಜು ಕವಿದಾಗ ನಿಂತಲ್ಲಿಯೇ ನಿಂತು ಕೂಗು ಹಾಕುವುದೂ, ಮರುಕೂಗು ಕೇಳುವವರೆಗೆ ಕದಲದಿರುವುದೂ ಇದೇ ಕಾರಣಕ್ಕೆ.

ಹಿಮಾಲಯ ಬೇರೆಯೇ

ಕುಮಾರಪರ್ವತವನ್ನೋ ಕುದುರೆಮುಖವನ್ನೋ ಒಮ್ಮೆ ಏರಿದ ಬಳಿಕ ಯುವಕರ ಮನಸ್ಸು ಹಿಮಾಲಯದತ್ತ ಹೊರಳುವುದು ಸಹಜ. ಆದರೆ ಸಹ್ಯಾದ್ರಿಯ ಅನುಭವ ಹಿಮಾಲಯದಲ್ಲಿ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರಿನ ಮೇಲೆ. ಕರ್ನಾಟಕದ ಯಾವ ಶಿಖರವೂ 2,000 ಮೀಟರನ್ನು ಮುಟ್ಟುವುದಿಲ್ಲ. ಆದಕಾರಣ ಇಲ್ಲಿಯ ಬೆಟ್ಟಗಳನ್ನು ಎಷ್ಟು ಸಲ ಏರಿದರೂ ತನ್ನ ದೇಹ ತೆಳುಗಾಳಿಗೆ ಹೇಗೆ ಸ್ಪಂದಿಸುವುದೆಂಬುದು ಚಾರಣಿಗನಿಗೆ ತಿಳಿಯುವುದಿಲ್ಲ. 4,400 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ, ಅದರೊಡನೆ ಉಸಿರಿಗೆ ದೊರೆಯುವ ಆಮ್ಲಜನಕ, ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ. 60ರಷ್ಟು ಮಾತ್ರ. ಓಟದ ಸ್ಪರ್ಧೆಯಲ್ಲಿ ಗೆದ್ದವನಿಗೂ ಇದರಿಂದ ವಿನಾಯಿತಿಯಿಲ್ಲ. ದೇಹಬಲ ಹೆಚ್ಚಿದ್ದವನು ಬೇಗ ಏರಿ ಬೇಗ ಕಾಯಿಲೆ ಬೀಳುವುದೂ ಉಂಟು. 3,000 ಮೀಟರಿನ ಮೇಲೆ ರಾತ್ರಿ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ತಂಗಬೇಕು ಎಂಬುದು ವೈದ್ಯರ ಸಲಹೆ. ತಲೆನೋವು, ವಾಕರಿಕೆ ಇದ್ದಾಗ ಮೇಲೇರಬಾರದು. ವಿಶ್ರಾಂತಿಯಲ್ಲಿಯೂ ಏದುಸಿರು, ನಡೆಯುವಾಗ ತೂರಾಟ ಕಂಡುಬಂದರೆ ಬೆಳಗಾಗುವುದನ್ನು ಕಾಯದೆ ಕೆಳಗಿಳಿಸಬೇಕು.

2024ರ ಮೇ 29ರಂದು ಕರ್ನಾಟಕದವರೇ ಹೆಚ್ಚಾಗಿದ್ದ 22 ಮಂದಿಯ ತಂಡವೊಂದು ಉತ್ತರಾಖಂಡದ ಸಹಸ್ರತಾಲ್ ಸರೋವರದ ಚಾರಣಕ್ಕೆ ಹೊರಟಿತು. 4,000 ಮೀಟರಿಗಿಂತ ಎತ್ತರದ ಆ ದಾರಿಯಲ್ಲಿ, ಜೂನ್ ಮೊದಲ ವಾರದಲ್ಲಿ, ತಂಡವು ಹಿಮಗಾಳಿಗೆ ಸಿಕ್ಕಿಕೊಂಡಿತು. 9 ಮಂದಿ ಮಡಿದರು. 13 ಮಂದಿಯನ್ನು ರಕ್ಷಿಸಲಾಯಿತು. ಮಡಿದವರಲ್ಲಿ ಹಲವು ಚಾರಣಗಳನ್ನು ಮಾಡಿ ಪಳಗಿದವರೂ ಇದ್ದರು. ಆ ಕುಟುಂಬಗಳ ದುಃಖದ ಮುಂದೆ ಬುದ್ಧಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅನುಭವಿಗಳನ್ನೂ ಬಿಡದ ಹವೆ ಹೊಸಬರನ್ನು ಬಿಟ್ಟೀತೆಂದು ಭಾವಿಸಲು ಮಾತ್ರ ಆ ದುರಂತದ ನಂತರ ಸಾಧ್ಯವಿಲ್ಲ.

ಚಳಿಯಲ್ಲಿ ದೇಹ ಸೋಲುವ ಬಗೆಯನ್ನು ಸಹ್ಯಾದ್ರಿಯ ಚಾರಣಿಗನೂ ತಿಳಿದಿರಬೇಕು. ಪ್ರತಿ 1,000 ಮೀಟರ್ ಏರಿದಂತೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕುಕ್ಕೆಯಲ್ಲಿ ಸೆಕೆಯಿರುವಾಗಲೇ ಕುಮಾರಪರ್ವತದ ತುದಿಯಲ್ಲಿ ಹತ್ತು ಡಿಗ್ರಿ ಕಡಿಮೆಯಿರಬಹುದು. ಅದರ ಜೊತೆಗೆ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ದೇಹ ಶಾಖವನ್ನು ಬಹುಬೇಗ ಕಳೆದುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ನಡುಕ, ಬಳಿಕ ತೊದಲು, ಎಡವು, ಕೊನೆಗೆ ಮಂಕು. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಚೇತರಿಕೆಯಲ್ಲ, ಅಪಾಯದ ಸೂಚನೆ. ಒದ್ದೆಯಾದ ಹತ್ತಿಬಟ್ಟೆ ಬೆಚ್ಚಗಿಡಲಾರದು. ಉಣ್ಣೆ ನೆನೆದರೂ ಒಂದಿಷ್ಟು ಕಾವನ್ನು ಉಳಿಸಿಕೊಳ್ಳುತ್ತದೆ. ಮಲೆನಾಡಿನ ರೈತ ಕಂಬಳಿಕೊಪ್ಪೆ ಹೊದ್ದು ದಿನವಿಡೀ ಮಳೆಯಲ್ಲಿ ನಾಟಿ ಮಾಡುತ್ತಿದ್ದುದರ ಹಿಂದೆ ಈ ತಿಳಿವಳಿಕೆಯಿತ್ತು.

ಬೆಟ್ಟದ ಮೈ

ಇದುವರೆಗೆ ಏರುವವನ ಕ್ಷೇಮದ ಮಾತಾಯಿತು. ಇನ್ನು ಬೆಟ್ಟದ ಕ್ಷೇಮದ ಮಾತು.

ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ ಆಗುಂಬೆಯಲ್ಲಿ 7,000 ಮಿಲಿಮೀಟರಿಗಿಂತ ಹೆಚ್ಚು ಸುರಿಯುತ್ತದೆ. ಘಟ್ಟದ ನೆತ್ತಿಗಳ ಮೇಲೆ ಬೀಳುವ ಇಂಥ ಮಳೆಯನ್ನು ಹಿಡಿದು ನಿಧಾನವಾಗಿ ಕೆಳಗೆ ಬಿಡುವುದು ಶಿಖರದ ಹುಲ್ಲುಗಾವಲು ಮತ್ತು ಅದರ ಮಡಿಲಿನ ಶೋಲಾ ಕಾಡು. ನೋಡುವವರಿಗೆ ಹುಲ್ಲುಗಾವಲು ಬೋಳುಗುಡ್ಡವೆನಿಸಬಹುದು. ಅಲ್ಲಿಯ ಮಣ್ಣಿನ ಪದರ ಅನೇಕ ಕಡೆ ತೆಳುವು, ಕೆಳಗೆ ಬಂಡೆ. ಹುಲ್ಲಿನ ಬೇರುಗಳು ಆ ಮಣ್ಣನ್ನು ಹೆಣೆದು ಹಿಡಿದಿವೆ. ಬೇರುಗಳ ನಡುವಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಇಂಗುತ್ತದೆ. ಕುಮಾರಪರ್ವತದಲ್ಲಿ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವುದು ಈ ಇಂಗುವಿಕೆಯ ಫಲ. ಪುಷ್ಪಗಿರಿಯು 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದಾಗಿದೆ.

ಒಂದು ಕಾಲುದಾರಿಯಲ್ಲಿ ಹತ್ತು ಜನ ನಡೆದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ. ದಿನವೂ ನೂರಾರು ಜನ ನಡೆದರೆ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ರಂಧ್ರಗಳು ಮುಚ್ಚುತ್ತವೆ. ಇಂಗಬೇಕಾದ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಮುಂದಿನ ಮಳೆಗಾಲದಲ್ಲಿ ಆ ದಾರಿ ಕೊರಕಲಾಗಿರುತ್ತದೆ. ಕೊರಕಲಿನಲ್ಲಿ ನಡೆಯಲು ಕಷ್ಟವೆಂದು ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡುತ್ತಾರೆ, ಅದೂ ಕೊರಕಲಾಗುತ್ತದೆ. ಇದರಲ್ಲಿ ಅತಿ ಕೆಟ್ಟದ್ದು ಒಳದಾರಿ. ಸುತ್ತಿ ಸುತ್ತಿ ಏರುವ ದಾರಿಯನ್ನು ಬಿಟ್ಟು ನೇರವಾಗಿ ಇಳಿಯುವುದು ಹೊಸಬರಿಗೆ ಜಾಣತನವೆನಿಸುತ್ತದೆ. ಧಾರವಾಡ ಸೀಮೆಯ ಯಾವ ರೈತನನ್ನು ಕೇಳಿದರೂ ಇದರ ದೋಷ ತಿಳಿಯುತ್ತದೆ. ಇಳಿಜಾರಿನ ಹೊಲದಲ್ಲಿ ಆತ ಬದುವನ್ನು ಇಳಿಜಾರಿಗೆ ಅಡ್ಡಲಾಗಿ ಹಾಕುತ್ತಾನೆ. ಇಳಿಜಾರಿನ ಗುಂಟ ನೇಗಿಲು ಹೊಡೆಯುವುದಿಲ್ಲ, ಹೊಡೆದರೆ ಮೇಲ್ಮಣ್ಣು ಹಳ್ಳಕ್ಕೆ ಹೋಗುತ್ತದೆ. ಒಳದಾರಿಯೆಂದರೆ ಪರ್ವತದ ಮೇಲೆ ಇಳಿಜಾರಿನ ಗುಂಟ ಹೊಡೆದ ನೇಗಿಲ ಸಾಲು.

ಬೆಂಕಿಯ ಮಾತೂ ಹೀಗೆಯೇ. ಜನವರಿಯ ಬಳಿಕ ಹುಲ್ಲು ಒಣಗಿ ನಿಂತಿರುತ್ತದೆ, ಗಾಳಿ ಇಳಿಜಾರಿನ ಮೇಲ್ಮುಖವಾಗಿ ಬೀಸುತ್ತದೆ. ಆರದ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಟ್ಟೀತು. ಸುಟ್ಟ ಹುಲ್ಲಿನ ಬೇರು ಮತ್ತೆ ಚಿಗುರಬಹುದು. ಗುಡ್ಡದ ಅಂಚಿನ ಶೋಲಾ ಗಿಡದ ಸಸಿ ಚಿಗುರುವುದಿಲ್ಲ.

2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಂದು, ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿ ನಿಂತ ದೃಶ್ಯವನ್ನು ನಾಡೆಲ್ಲ ನೋಡಿತು. ಅದರ ಬೆನ್ನಿಗೆ ಸರ್ಕಾರವು ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ಮುಚ್ಚಿಸಿತು. 2024ರ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣದ ಮೂಲಕ ನೋಂದಣಿಯನ್ನು ಆರಂಭಿಸಿ, ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿಯನ್ನು ಹಾಕಲಾಯಿತು. ಮಿತಿ ಹಾಕಿದ್ದು ಸರಿಯಾದ ಹೆಜ್ಜೆ. ಆದರೆ 300 ಎಂಬ ಒಂದೇ ಸಂಖ್ಯೆ ಎಲ್ಲ ಬೆಟ್ಟಗಳಿಗೂ ಎಲ್ಲ ತಿಂಗಳುಗಳಿಗೂ ಹೊಂದುವುದೇ? ಮಳೆ ನಿಂತ ಹೊಸತರಲ್ಲಿ ನೆನೆದ ಮಣ್ಣು ತುಳಿತವನ್ನು ತಡೆಯಲಾರದು. ಅದೇ ದಾರಿ ಡಿಸೆಂಬರಿನಲ್ಲಿ ಹೆಚ್ಚು ಜನರನ್ನು ತಾಳಬಲ್ಲುದು. ಹಸಿಯಿರುವಾಗ ಎರೆಭೂಮಿಗೆ ಎತ್ತು ಇಳಿಸಬಾರದೆಂದು ಬಯಲಿನ ರೈತ ಬಲ್ಲ. ಬೆಟ್ಟದ ಹದವನ್ನು ಬಲ್ಲವರು ಬೆಟ್ಟದ ಊರಿನವರು. ಸಂಖ್ಯೆಯನ್ನು ನಿರ್ಧರಿಸುವಾಗ ಅವರನ್ನು ಕೇಳುವ ಪದ್ಧತಿ ಬರಬೇಕು.

ಊರಿನವರ ಪಾತ್ರ

ಹಳ್ಳಿಗಳಿಂದ ಬಂದಿರುವ ಹಿರಿಯರಲ್ಲಿ ಕೆಲವರಿಗೆ ಒಂದು ಪ್ರಶ್ನೆ ಏಳಬಹುದು: ಪೇಟೆಯವರು ಮೋಜಿಗಾಗಿ ಬೆಟ್ಟ ಹತ್ತಿದರೆ ಅದರ ಹೊಣೆ ಊರಿನವರಿಗೇಕೆ? ಪ್ರಶ್ನೆ ನ್ಯಾಯವಾದುದು. ಆದರೆ ಕಳೆದುಹೋದವರನ್ನು ಹುಡುಕಲು ರಾತ್ರಿ ದೊಂದಿ ಹಿಡಿದು ಹೋಗುವವರು ಊರಿನವರೇ. ಗುಡ್ಡಕ್ಕೆ ಬಿದ್ದ ಬೆಂಕಿಯನ್ನು ಸೊಪ್ಪಿನಿಂದ ಬಡಿದು ಆರಿಸುವವರೂ ಅವರೇ. ಕೊರಕಲಿನ ಮಣ್ಣು ಬಂದು ತುಂಬುವುದು ಅವರದೇ ಗದ್ದೆ, ಅವರದೇ ತೋಟದ ಕಾದಿಗೆ. ಹೊಣೆ ಈಗಾಗಲೇ ಅವರ ತಲೆಯ ಮೇಲಿದೆ. ಇಲ್ಲದಿರುವುದು ಅದಕ್ಕೆ ತಕ್ಕ ಅಧಿಕಾರ ಮತ್ತು ಆದಾಯ.

ಊರಿನವರ ಬಳಿ ಇರುವ ತಿಳಿವಳಿಕೆ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಮಂಗನ ಕಾಯಿಲೆಯೊಂದೇ ಸಾಕ್ಷಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಲಾದ ಈ ರೋಗ ಉಣುಗುಗಳ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಚಾರಣದ ಋತುವಿನ ದೊಡ್ಡ ಭಾಗವೂ ಇದೇ. ಮಂಗ ಸತ್ತು ಬಿದ್ದಿರುವ ಜಾಗದ ಸುತ್ತ ಸುಳಿಯಬಾರದೆಂದು ಮಲೆನಾಡಿನ ಮಗುವಿಗೂ ಗೊತ್ತು. ಬಯಲಿನಿಂದ ಬಂದವನು ಅದೇ ಜಾಗದಲ್ಲಿ ದರಗಿನ ಮೇಲೆ ಕಾಲು ಚಾಚಿ ಬುತ್ತಿ ಬಿಚ್ಚುತ್ತಾನೆ. ಕಾಡಿನಿಂದ ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ತೊಳೆಯಬೇಕು, ಮುಂದಿನ ದಿನಗಳಲ್ಲಿ ಜ್ವರ ಬಂದರೆ ತಾನು ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಬೇಕು. ಇಷ್ಟನ್ನು ಊರಿನ ಒಬ್ಬರು ಒಂದು ನಿಮಿಷದಲ್ಲಿ ತಿಳಿಸಬಲ್ಲರು, ಹೇಳುವ ಅವಕಾಶವೊಂದನ್ನು ಕಲ್ಪಿಸಿದರೆ.

ಆದ್ದರಿಂದ ಬೆಟ್ಟದ ಬುಡದ ಪ್ರತಿಯೊಂದು ಊರಿನಲ್ಲಿ ಗ್ರಾಮಸಭೆ ಈ ವಿಷಯವನ್ನು ಚರ್ಚಿಸಬೇಕು. ಗ್ರಾಮ ಅರಣ್ಯ ಸಮಿತಿಯೂ, 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳಲ್ಲಿ ರಚನೆಯಾಗಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಸೇರಿ ತಮ್ಮ ಬೆಟ್ಟದ ದಾರಿಗಳನ್ನು, ಒರತೆಗಳನ್ನು, ಅವು ಬತ್ತುವ ತಿಂಗಳನ್ನು, ಆನೆಗಳ ಓಡಾಟದ ಜಾಗಗಳನ್ನು, ಕುಸಿಯುವ ಅಂಚುಗಳನ್ನು ದಾಖಲಿಸಬೇಕು. ಊರಿನ ತರುಣ ತರುಣಿಯರು ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು ಮಾರ್ಗದರ್ಶಕರಾಗಬೇಕು. ಅವರ ದಿನಗೂಲಿ ಚಾರಣಿಗರ ಶುಲ್ಕದಿಂದಲೇ ಬರಬೇಕು. ಹೊರಟವರ ಹೆಸರು, ಹೊರಟ ಹೊತ್ತು, ಮರಳಿದ ಹೊತ್ತು ಒಂದು ಪುಸ್ತಕದಲ್ಲಿ ದಾಖಲಾಗಬೇಕು. ಹವೆ ಕೆಟ್ಟ ದಿನ ದಾರಿಯನ್ನು ಮುಚ್ಚುವ ಮಾತನ್ನು ಊರಿನವರು ಹೇಳಿದರೆ ಅದು ನಡೆಯುವಂತಿರಬೇಕು. ಶುಲ್ಕದ ಒಂದು ಪಾಲು ದಾರಿಯ ದುರಸ್ತಿಗೆ, ಕೊರಕಲಿಗೆ ಕಲ್ಲಿನ ಅಡ್ಡಗಟ್ಟೆ ಕಟ್ಟುವುದಕ್ಕೆ ಮೀಸಲಾಗಬೇಕು.

ವಿದ್ಯಾರ್ಥಿಗಳಿಗೆ

ವಿದ್ಯಾರ್ಥಿ ಮಿತ್ರರು ಚಾರಣಕ್ಕೆ ಎಂಟು ವಾರ ಮುಂಚಿತವಾಗಿ ಸಿದ್ಧತೆ ಆರಂಭಿಸುವುದು ಒಳ್ಳೆಯದು. ವಾರಕ್ಕೆ ನಾಲ್ಕು ದಿನ ಒಂದು ಗಂಟೆಯ ನಡಿಗೆ. ಎರಡು ದಿನ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ, ಮೊದಲು ಬರಿಗೈಯಲ್ಲಿ, ಬಳಿಕ ಚೀಲದಲ್ಲಿ ನಾಲ್ಕೈದು ಕಿಲೋ ಇಟ್ಟುಕೊಂಡು. ನೃಪತುಂಗ ಬೆಟ್ಟವೂ ವಿಶ್ವವಿದ್ಯಾಲಯದ ಗುಡ್ಡದ ದಾರಿಗಳೂ ಇದಕ್ಕೆ ಸಾಕು. ಬೂಟನ್ನು ಹೊಸದಾಗಿ ಕೊಂಡು ನೇರವಾಗಿ ಬೆಟ್ಟಕ್ಕೆ ಹಾಕಿಕೊಂಡು ಹೋಗಬಾರದು; ಎರಡು ಮೂರು ವಾರ ಊರಿನಲ್ಲಿಯೇ ಹಾಕಿ ಪಳಗಿಸಬೇಕು. ಮೊದಲ ಬೆಟ್ಟವಾಗಿ ಕುಮಾರಪರ್ವತವನ್ನು ಆರಿಸದೆ, ಅರ್ಧ ದಿನದಲ್ಲಿ ಹೋಗಿಬರಬಹುದಾದ ಚಿಕ್ಕ ಬೆಟ್ಟವೊಂದನ್ನು ಆರಿಸಬೇಕು. ಮರಳುವ ಹೊತ್ತನ್ನು ಹೊರಡುವ ಮುನ್ನವೇ ನಿಶ್ಚಯಿಸಿ ಮನೆಯಲ್ಲಿ ಹೇಳಿರಬೇಕು. ಮೇಲೆ ಹೋದಮೇಲೆ ಆ ಹೊತ್ತನ್ನು ಬದಲಾಯಿಸಬಾರದು, ಏಕೆಂದರೆ ದಣಿದ ಮನಸ್ಸು ತನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ.

ಹಿಂದಿರುಗುವುದು ಸೋಲೆಂದು ಕೆಲವರು ಭಾವಿಸುತ್ತಾರೆ. ಬೆಟ್ಟದ ಊರುಗಳಲ್ಲಿ ಹಾಗೆ ಭಾವಿಸುವವರು ಕಡಿಮೆ. ಹೊಳೆ ತುಂಬಿದ ದಿನ ದಾಟದೆ ಈಚೆ ದಡದಲ್ಲಿಯೇ ಉಳಿದವನನ್ನು ಮಲೆನಾಡಿನಲ್ಲಿ ಯಾರೂ ಹೇಡಿಯೆನ್ನುವುದಿಲ್ಲ, ಬುದ್ಧಿವಂತನೆನ್ನುತ್ತಾರೆ. ಹೊಳೆ ನಾಳೆ ಇಳಿಯುತ್ತದೆ, ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

1987ರ ನವೆಂಬರಿನಿಂದ 1988ರ ಫೆಬ್ರವರಿಯವರೆಗೆ ನಡೆದ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆಯನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಒಂದು ತಂಡ ಉತ್ತರದಿಂದ, ಇನ್ನೊಂದು ಕನ್ಯಾಕುಮಾರಿಯ ಕಡೆಯಿಂದ ಹೊರಟು ಘಟ್ಟದ ಉದ್ದಕ್ಕೂ ನಡೆದು ಗೋವೆಯಲ್ಲಿ ಸೇರಿದವು. ಆ ನಡಿಗೆಯಲ್ಲಿ ಯಾವ ಶಿಖರವನ್ನೂ ಗೆಲ್ಲುವ ಉದ್ದೇಶವಿರಲಿಲ್ಲ. ಊರೂರಿನಲ್ಲಿ ನಿಂತು, ಅಲ್ಲಿಯವರ ಮಾತು ಕೇಳಿ, ಕಾಡು ಮತ್ತು ನೀರಿನ ಸ್ಥಿತಿಯನ್ನು ಅರಿತು ಮುಂದಕ್ಕೆ ಹೋಗುವುದೇ ಅದರ ಕ್ರಮವಾಗಿತ್ತು. ಇಂದಿನ ಹೊಸ ಚಾರಣಿಗನಿಗೂ ಆ ಕ್ರಮ ಹೊಂದುತ್ತದೆ. ಬೆಟ್ಟದ ಬುಡದ ಊರಿನಲ್ಲಿ ಒಂದು ಗಂಟೆ ಮೊದಲೇ ಇಳಿದು, ಅಂಗಳದಲ್ಲಿ ಕುಳಿತವರನ್ನು 'ಇವತ್ತು ಹವೆ ಹೇಗಿದೆ, ಮೇಲೆ ನೀರು ಉಂಟೇ?' ಎಂದು ಕೇಳಿ, ಅವರು ಹೇಳಿದ್ದನ್ನು ಪಾಲಿಸಿದರೆ ಅಪಾಯದ ಅರ್ಧ ಅಲ್ಲಿಯೇ ಕಳೆಯುತ್ತದೆ.

ಧಾರವಾಡದ ಒಬ್ಬ ವಿದ್ಯಾರ್ಥಿನಿ ಮುಂದಿನ ಚಳಿಗಾಲದಲ್ಲಿ ಮೊದಲ ಸಲ ಎತ್ತರದ ಬೆಟ್ಟವನ್ನು ಏರಿ, ಹುಲ್ಲಿನ ಬುಡದಿಂದ ಜಿನುಗುವ ಒರತೆಯನ್ನು ಕಂಡು, ಮನೆಯ ನಲ್ಲಿಗೆ ಬರುವ ನೀರೂ ಇಂಥದೇ ಒಂದು ಬೆಟ್ಟದಿಂದ ಹೊರಟದ್ದೆಂದು ಗುರುತಿಸಿದರೆ ಆ ಚಾರಣ ಸಾರ್ಥಕ. ಆಕೆ ಶಿಖರವನ್ನು ಮುಟ್ಟಿದಳೋ ಇಲ್ಲವೋ ಎಂಬುದನ್ನು ಬೆಟ್ಟ ಲೆಕ್ಕವಿಡುವುದಿಲ್ಲ. ಆಕೆ ಕ್ಷೇಮವಾಗಿ ಮನೆಗೆ ಮರಳುವುದು, ಆಕೆ ನಡೆದ ದಾರಿಯಲ್ಲಿ ಮುಂದಿನ ಮಳೆಗಾಲಕ್ಕೆ ಹುಲ್ಲು ಉಳಿದಿರುವುದು, ಈ ಎರಡೇ ಮುಖ್ಯ.